ಬೆಟ್ಟ ಕುಸಿದು ಕೆರೆಯಾದ ಕಥೆ: ಕ್ರೇಟರ್ ಲೇಕ್

ಅಮೆರಿಕದ ಓರೆಗಾನ್ ರಾಜ್ಯದಲ್ಲಿರುವ ಕ್ರೇಟರ್ ಲೇಕ್, ಕುಸಿದುಹೋದ ಒಂದು ಪರ್ವತದ ಒಡಲಲ್ಲಿ ನಿಂತ ನೀರು. ಸುಮಾರು 7,700 ವರ್ಷಗಳ ಹಿಂದೆ ಮಝಾಮಾ ಎಂಬ ಜ್ವಾಲಾಮುಖಿ ಭೀಕರವಾಗಿ ಸಿಡಿಯಿತು. ಒಳಗಿನ ಶಿಲಾರಸ ಬರಿದಾಗುತ್ತಲೇ ಶಿಖರ ತನ್ನೊಳಗೇ ಕುಸಿದುಬಿತ್ತು. ಆ ಕುಳಿಯನ್ನು ಮಳೆ ಮತ್ತು ಹಿಮದ ನೀರೇ ತುಂಬಿತು. ಆಳ 594 ಮೀಟರ್. ಅಮೆರಿಕದಲ್ಲಿ ಇದಕ್ಕಿಂತ ಆಳವಾದ ಸರೋವರ ಬೇರೊಂದಿಲ್ಲ.

ಈ ನೆಲದ ಮೂಲನಿವಾಸಿಗಳಾದ ಕ್ಲಾಮತ್ ಜನರ ಐತಿಹ್ಯ ಹೀಗಿದೆ: ಪಾತಾಳದ ಒಡೆಯ ಲಾವ್, ಕುಲದ ನಾಯಕನ ಮಗಳಿಗೆ ಮನಸೋತ. ಆಕೆ ಒಲ್ಲೆನೆಂದಾಗ ಕೆರಳಿ, ಬೆಟ್ಟದ ತುದಿಯಿಂದ ಬೆಂಕಿಯ ಮಳೆಗರೆದ. ಮೇಲಣ ಲೋಕದ ಒಡೆಯ ಸ್ಕೆಲ್, ಜನರ ಪರವಾಗಿ ನಿಂತು, ದೂರದ ಶಾಸ್ತಾ ಪರ್ವತದಿಂದ ಅವನೊಡನೆ ಕಾದಾಡಿದ. ಕೊನೆಗೆ ಲಾವ್ ಸೋತು ಪಾತಾಳಕ್ಕಿಳಿದ. ಅವನ ಮೇಲೆ ಪರ್ವತವೇ ಕುಸಿಯಿತು, ಆ ಕುಳಿಯಲ್ಲಿ ನೀರು ತುಂಬಿತು.

ಬೆಂಕಿ, ಕುಸಿತ, ನೀರು: ಭೂವಿಜ್ಞಾನ ಹೇಳುವ ಕ್ರಮವೂ ಇದೇ. ಇದು ಬರೀ ಕಾಕತಾಳೀಯವಾಗಿರಲಾರದು. 1938ರಲ್ಲಿ ಇದೇ ರಾಜ್ಯದ ಫೋರ್ಟ್ ರಾಕ್ ಗುಹೆಯಲ್ಲಿ, ಮಝಾಮಾ ಬೂದಿಯ ಪದರದ ಅಡಿಯಲ್ಲಿ, ನಾರಿನಿಂದ ಹೆಣೆದ ಪಾದರಕ್ಷೆಗಳು ಸಿಕ್ಕವು. ಅಂದರೆ ಸ್ಫೋಟಕ್ಕೆ ಮೊದಲೇ ಅಲ್ಲಿ ಜನರಿದ್ದರು.

1902ರಲ್ಲಿ ಸರೋವರದ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಪ್ರವಾಸಿಗರಿಗೆ ಅದು ಕಡುನೀಲಿ ನೀರಿನ ವಿಸ್ಮಯ. ಕ್ಲಾಮತ್ ಜನರಿಗೆ ಇಂದಿಗೂ ಪವಿತ್ರ ಕ್ಷೇತ್ರ.