ದಿನಕ್ಕೊಂದು ಪುಟ

'ನನ್ನ ಜೀವನ ಬರೆದರೆ ಒಂದು ದೊಡ್ಡ ಗ್ರಂಥವೇ ಆದೀತು!' ಮದುವೆಮನೆಯ ಚಪ್ಪರದಡಿ, ಅಡಿಕೆ ಸುಲಿಯುವ ಅಂಗಳದಲ್ಲಿ, ಯಲ್ಲಾಪುರದ ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೀಗೆ ಹೇಳುವವರು ಬಹಳ, ಬರೆಯುವವರು ಬೆರಳೆಣಿಕೆ. ಕಾರಣ ಕೇಳಿದರೆ ಪುರುಸೊತ್ತಿಲ್ಲ ಎನ್ನುತ್ತಾರೆ, ಇಲ್ಲವೇ 'ನಮ್ಮಂಥವರ ಕತೆ ಯಾರಿಗೆ ಬೇಕು ಮಾರಾಯರೆ' ಎಂದು ಎಲೆಗೆ ಸುಣ್ಣ ಹಚ್ಚುತ್ತಾರೆ. ಪುರುಸೊತ್ತಿನ ವಿಚಾರವನ್ನು ಮೊದಲು ನೋಡೋಣ.

ಚಾರ್ಲ್ಸ್ ಡಾರ್ವಿನ್ ಹೆಸರನ್ನು ಪ್ರೌಢಶಾಲೆಯ ಮಕ್ಕಳೆಲ್ಲ ಬಲ್ಲರು. ಆತ ತನ್ನ ನೆನಪುಗಳನ್ನು ಬರೆಯಲು ಕುಳಿತದ್ದು 1876ರ ಮೇ ತಿಂಗಳ ಕೊನೆಯಲ್ಲಿ. ಆಗ ಅವನಿಗೆ 67 ವರ್ಷ. ಆರೋಗ್ಯ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೈತುಂಬ ಸಸ್ಯಗಳ ಪ್ರಯೋಗಗಳಿದ್ದವು. ಹೀಗಿದ್ದೂ ಆಗಸ್ಟ್ 3ಕ್ಕೆ ಬರಹ ಮುಗಿಯಿತು. ಹೇಗೆ ಮುಗಿಯಿತೆಂದು ಕೊನೆಯಲ್ಲಿ ಅವನೇ ತಿಳಿಸಿದ್ದಾನೆ: ಹೆಚ್ಚಿನ ಮಧ್ಯಾಹ್ನಗಳಲ್ಲಿ ಸುಮಾರು ಒಂದು ಗಂಟೆ ಬರೆದನಂತೆ, ಅಷ್ಟೆ. 'ಪ್ರತಿದಿನ' ಎಂದು ಅವನು ಹೇಳಿಲ್ಲ, 'ಹೆಚ್ಚಿನ ಮಧ್ಯಾಹ್ನ' ಎಂದಿದ್ದಾನೆ. ಜಗತ್ತಿಗಾಗಿ ಬರೆದದ್ದೂ ಅಲ್ಲ. ತನ್ನ ಅಜ್ಜ ಹೀಗೆ ನಾಲ್ಕು ಪುಟ ಬರೆದಿಟ್ಟಿದ್ದರೆ ತಾನೆಷ್ಟು ಆಸಕ್ತಿಯಿಂದ ಓದುತ್ತಿದ್ದೆ ಎಂದುಕೊಂಡು, ಮಕ್ಕಳು ಮೊಮ್ಮಕ್ಕಳಿಗಾಗಿ ಬರೆದ.

ಗಾಂಧೀಜಿಯವರದು ಇನ್ನೊಂದು ಬಗೆ. ಅವರ ಆತ್ಮಕಥೆ 1925ರ ನವೆಂಬರಿನಿಂದ 1929ರ ಫೆಬ್ರವರಿವರೆಗೆ 'ನವಜೀವನ' ವಾರಪತ್ರಿಕೆಯಲ್ಲಿ ಗುಜರಾತಿಯಲ್ಲಿ ಕಂತುಕಂತಾಗಿ ಬಂತು. ಪತ್ರಿಕೆಗೆ ವಾರವಾರವೂ ಏನಾದರೂ ಬರೆಯಲೇಬೇಕು, ಅದು ಆತ್ಮಕಥೆಯೇ ಏಕಾಗಬಾರದು ಎಂದು ಅವರು ಲೆಕ್ಕ ಹಾಕಿದರು. ಹೀಗೆ ಮೂರು ವರ್ಷಕ್ಕೂ ಮಿಕ್ಕಿ ನಡೆದು 160ಕ್ಕೂ ಹೆಚ್ಚು ಅಧ್ಯಾಯಗಳಾದವು. ಅಣ್ಣನ ಕಡಗದ ಬಂಗಾರದ ಚೂರು ಕದ್ದು, ತಂದೆಗೆ ಚೀಟಿ ಬರೆದು ಒಪ್ಪಿಕೊಂಡ ಪ್ರಸಂಗವನ್ನು ನಾವೆಲ್ಲ ಓದಿದ್ದು ಈ ಕಂತುಗಳ ಕೃಪೆಯಿಂದಲೇ. ದೇಶ ತಿರುಗುತ್ತಿದ್ದ ಮನುಷ್ಯನಿಗೆ ಸಿಕ್ಕ ಪುರುಸೊತ್ತು ಎರಡೆಕರೆ ತೋಟದವನಿಗೆ ಸಿಗುವುದಿಲ್ಲವೆಂದರೆ ನಂಬುವುದು ಕಷ್ಟ.

ಇಂಗ್ಲೆಂಡಿನ ಕಾದಂಬರಿಕಾರ ಆಂಥನಿ ಟ್ರೋಲಪ್ ಅಂಚೆ ಇಲಾಖೆಯ ನೌಕರ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದನಂತೆ. ಇದು ನನಗೆ ಅಷ್ಟಾಗಿ ಹಿಡಿಸದ ಕ್ರಮ. ಗಡಿಯಾರ ನೋಡಿಕೊಂಡು ಬರೆಯುವುದು ಪರೀಕ್ಷಾ ಕೊಠಡಿಗೆ ಸರಿ. ಆದರೆ ಡಾರ್ವಿನ್, ಗಾಂಧೀಜಿ, ಟ್ರೋಲಪ್ ಮೂವರಿಗೂ ಸಮಾನವಾದದ್ದು ಒಂದಿದೆ. ಸ್ಫೂರ್ತಿ ಬರಲಿ ಎಂದು ಅವರು ಕಾಯಲಿಲ್ಲ, ಹೊತ್ತನ್ನು ಗೊತ್ತುಮಾಡಿಕೊಂಡರು.

21 ದಿನದ ಮಾತು

ಯಾವುದೇ ಕೆಲಸವನ್ನು 21 ದಿನ ಬಿಡದೆ ಮಾಡಿದರೆ ಅದು ಅಭ್ಯಾಸವಾಗುತ್ತದೆಂಬ ಮಾತು ಬಹಳ ಪ್ರಚಾರದಲ್ಲಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿಯೇ ನೋಡಿದರು. ಅವರ ವರದಿ 2010ರಲ್ಲಿ ಪ್ರಕಟವಾಯಿತು. 96 ಮಂದಿ ಸ್ವಯಂಸೇವಕರು ತಮಗಿಷ್ಟವಾದ ಒಂದೊಂದು ಕೆಲಸವನ್ನು ಆರಿಸಿಕೊಂಡರು: ಊಟದೊಡನೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು ಇತ್ಯಾದಿ. ಯೋಚಿಸದೆಯೇ ಮಾಡುವ ಹಂತ ತಲುಪಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕೆಂದು ಲೆಕ್ಕ ಬಂತು. ಮಧ್ಯಾಂಕ 66. (ಸರಾಸರಿಗೂ ಮಧ್ಯಾಂಕಕ್ಕೂ ಇರುವ ವ್ಯತ್ಯಾಸವನ್ನು ಗಣಿತದ ಮೇಷ್ಟ್ರನ್ನು ಕೇಳಿ, ಅವರಿಗೆ ಸಂತೋಷವಾದೀತು.) ಡಾರ್ವಿನ್ನನ ನೆನಪುಗಳು ಮುಗಿದದ್ದೂ ಹೆಚ್ಚುಕಡಿಮೆ ಅಷ್ಟೇ ದಿನಗಳಲ್ಲಿ. ಇದು ಕಾಕತಾಳೀಯ, ಸಿದ್ಧಾಂತ ಕಟ್ಟಬೇಡಿ.

ಈ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುತ್ತದೆಯೆ? ಹಾಗೇನೂ ಕಾಣಲಿಲ್ಲ. ಡೈರಿ ಬರೆಯುವ ಮಕ್ಕಳು ಜನವರಿ ಹತ್ತನೇ ತಾರೀಖಿಗೆ ಒಂದು ದಿನ ತಪ್ಪಿತೆಂದು ಇಡೀ ವರ್ಷದ ಡೈರಿಯನ್ನೇ ಮೂಲೆಗೆ ಎಸೆಯುವುದನ್ನು ನೋಡಿದ್ದೇನೆ. ಬಿಟ್ಟುಹೋದ ದಿನವನ್ನು ಖಾಲಿ ಬಿಟ್ಟು ಮುಂದೆ ಹೋದರಾಯಿತು. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಯಾರೂ ರಾತ್ರಿ ಎಚ್ಚರವಾಗಿ ಕುಳಿತು ಬರೆಯಲಾರರು. ಅಂಥ ವಾರಗಳಲ್ಲಿ ಎರಡು ಸಾಲು ಬರೆದರೂ ದೊಡ್ಡದು.

ಹೊಸ ಅಭ್ಯಾಸವನ್ನು ಹಳೆಯದೊಂದಕ್ಕೆ ಗಂಟು ಹಾಕಿದರೆ ಕೆಲಸ ಸುಲಭ. ನಾನು ಎರಡು ವರ್ಷದಿಂದ ನನ್ನ ನೆನಪುಗಳನ್ನು ಬರೆಯುತ್ತಿದ್ದೇನೆ. ಬೆಳಗಿನ ಹಾಲು ಕರೆದಾದ ಮೇಲೆ, ಚಹಾ ಕುಡಿದ ಲೋಟ ಕೆಳಗಿಟ್ಟ ಕೂಡಲೆ ಪುಸ್ತಕ ಎತ್ತಿಕೊಳ್ಳುತ್ತೇನೆ. ಶಾಲೆಗೆ ಹೊರಡುವವರೆಗೆ ಅರ್ಧ ತಾಸು, ದಿನಕ್ಕೊಂದು ಪುಟ. ಮುಂದೇನು ಬರೆಯಬೇಕೆಂದು ಗೊತ್ತಿರುವಾಗಲೇ ನಿಲ್ಲಿಸುವುದು ಒಳ್ಳೆಯದೆಂದು ಅಮೆರಿಕದ ಲೇಖಕ ಹೆಮಿಂಗ್ವೆ ಹೇಳುತ್ತಿದ್ದ. ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮರುದಿನ ಖಾಲಿ ಹಾಳೆಯ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂರಬೇಕಾಗಿಲ್ಲ.

ಮರೆವಿನ ಲೆಕ್ಕ

ಇಷ್ಟೆಲ್ಲ ಅವಸರವೇಕೆ, ನಿವೃತ್ತಿಯಾದ ಮೇಲೆ ಬರೆದರಾಗದೆ ಎಂದು ಕೇಳಬಹುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಮರೆವನ್ನು ಅಳೆದು ತೋರಿಸಿದ. ಪ್ರಯೋಗಕ್ಕೆ ಸಿಕ್ಕ ಪ್ರಾಣಿ ಅವನೇ! ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಇಂತಿಷ್ಟು ಹೊತ್ತಿನ ನಂತರ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆಂದು ನೋಡಿದ. ಇಪ್ಪತ್ತು ನಿಮಿಷದ ನಂತರ ಉಳಿತಾಯ ಶೇಕಡಾ 58, ಒಂದು ದಿನದ ನಂತರ ಸುಮಾರು 34, ಒಂದು ತಿಂಗಳಿಗೆ 21. ಮರೆವು ಮೊದಲ ದಿನವೇ ದೊಡ್ಡ ತುತ್ತು ನುಂಗುತ್ತದೆ, ಆಮೇಲೆ ನಿಧಾನವಾಗಿ ಕಚ್ಚುತ್ತದೆ. ಬದುಕಿನ ಘಟನೆಗಳು ಅರ್ಥವಿಲ್ಲದ ಅಕ್ಷರಗಳಲ್ಲ, ಅವು ಹೆಚ್ಚು ಕಾಲ ನಿಲ್ಲುತ್ತವೆ, ನಿಜ. ಆದರೆ ಅವುಗಳ ಸುತ್ತಲಿನ ಸಣ್ಣಪುಟ್ಟ ವಿವರಗಳ ಗತಿ ಇದೇ.

ಡಚ್ ಮನೋವಿಜ್ಞಾನಿ ವಿಲ್ಲೆಮ್ ವಾಗೆನಾರ್ ಮಾಡಿದ ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಆತ ಆರು ವರ್ಷ ಕಾಲ ದಿನಕ್ಕೆ ಒಂದೆರಡರಂತೆ ತನ್ನ ಬದುಕಿನ 2,400ರಷ್ಟು ಘಟನೆಗಳನ್ನು ಬರೆದಿಟ್ಟ. ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ವಿವರ ಪ್ರತಿಯೊಂದಕ್ಕೂ. ಅನಂತರ ಒಂದೊಂದೇ ಸುಳಿವು ನೋಡಿ ಉಳಿದದ್ದನ್ನು ನೆನೆಯಲು ಯತ್ನಿಸಿದ. 1986ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 'ಏನು' ಎಂಬುದು ಅತ್ಯಂತ ಬಲವಾದ ಸುಳಿವು, 'ಯಾವಾಗ' ಎಂಬುದು ಅತ್ಯಂತ ದುರ್ಬಲ. ಬರೀ ತಾರೀಖು ಕೊಟ್ಟರೆ ಮನಸ್ಸು ಬಾಗಿಲೇ ತೆರೆಯುವುದಿಲ್ಲ.

ನಮ್ಮ ಮನೆಯಲ್ಲೇ ಇದಕ್ಕೊಂದು ದೃಷ್ಟಾಂತ ಸಿಕ್ಕಿತು. ಮನೆಗೆ ಕರೆಂಟು ಬಂದದ್ದು ಯಾವಾಗ? ತಂಗಿ ಹುಟ್ಟಿದ ವರ್ಷ ಎಂದು ಅಮ್ಮ. ತಾನು ಎಸ್ಸೆಸ್ಸೆಲ್ಸಿ ಓದಿದ್ದೇ ಚಿಮಣಿ ಬುಡ್ಡಿಯಲ್ಲಿ, ಆದ್ದರಿಂದ ಅದರ ನಂತರವೇ ಎಂದು ಅಣ್ಣ. ಎರಡಕ್ಕೂ ನಡುವೆ ಐದು ವರ್ಷ ಅಂತರ! ಕೊನೆಗೆ ಅಟ್ಟದಿಂದ ಅಪ್ಪನ ಲೆಕ್ಕದ ಪುಸ್ತಕಗಳನ್ನು ಇಳಿಸಿದೆವು. ನಮ್ಮ ಕಡೆಯ ಯಜಮಾನರು ದಿನಚರಿ ಬರೆದವರಲ್ಲ, ಆದರೆ ಲೆಕ್ಕ ಬರೆದವರು. ಅಡಿಕೆಯ ತೂಕ, ಕೊನೆಗೌಡನ ಕೂಲಿ, ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ದರ ಎಲ್ಲವೂ ತಾರೀಖು ಸಹಿತ ಇರುತ್ತದೆ. ವೈರು, ಬಲ್ಬು, ಲೈನ್‌ಮನ್ನನ ಚಹಾ ಖರ್ಚು ಸಿಕ್ಕಿತು. ಅಮ್ಮನ ಮಾತೇ ನಿಜವಾಗಿತ್ತು. ಅಣ್ಣನದೂ ಸುಳ್ಳಲ್ಲ. ಕರೆಂಟು ಬಂದ ಮೇಲೂ ಐದಾರು ವರ್ಷ ಸೀಮೆಎಣ್ಣೆಯ ಖರ್ಚು ಒಂದು ರೂಪಾಯಿಯೂ ಇಳಿದಿರಲಿಲ್ಲ! ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ವಾರಗಟ್ಟಲೆ ಕತ್ತಲೆ. ಅವನು ಬುಡ್ಡಿಯಲ್ಲೇ ಓದಿದ್ದ.

ಇಂಥ ಪುಟಗಳನ್ನು ತಿರುವುವಾಗ ಊರಿನ ಕತೆಯೂ ಹೊರಬರುತ್ತದೆ. ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕುವ ಬೇಡ್ತಿ ಹೊಳೆಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದು, ಜನ ವಿರೋಧಿಸಿ, 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳೂ ಕೃಷಿಕರೂ ಸೇರಿ ವಿಚಾರ ಸಂಕಿರಣ ನಡೆಸಿದ್ದು ಪುಸ್ತಕಗಳಲ್ಲಿದೆ. ಆದರೆ ಆ ದಿನಗಳಲ್ಲಿ ಜಗುಲಿಯ ಮೇಲೆ ಕುಳಿತವರು ಏನು ಮಾತಾಡಿದರು, ತೋಟ ಮುಳುಗುವುದೆಂದು ಹೊಸ ಸಸಿ ನೆಡುವುದನ್ನು ಯಾರು ನಿಲ್ಲಿಸಿದರು, ಯಾರು ಹಟಕ್ಕೆ ಇನ್ನೂರು ಸಸಿ ಹೆಚ್ಚೇ ನೆಟ್ಟರು? ಅದು ಆಗಿನ ವಯಸ್ಕರ ತಲೆಯೊಳಗೆ ಮಾತ್ರ ಇದೆ. ಅವರಲ್ಲಿ ಅನೇಕರು ಈಗಿಲ್ಲ. ಇದ್ದವರಿಗೆ ಎಂಬತ್ತು ದಾಟಿದೆ. 2021ರ ಜುಲೈಯಲ್ಲಿ ಕಳಚೆಯ ಗುಡ್ಡ ಕುಸಿದು ತೋಟ, ರಸ್ತೆ ಕೊಚ್ಚಿಹೋದವು. ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಒಯ್ದಿತು. ಅದು ಮೊನ್ನೆ ಮೊನ್ನೆಯ ಸಂಗತಿ. ಆದರೂ ಈಗ ಕೇಳಿದರೆ 'ಭಯಂಕರ ಮಳೆ ಮಾರಾಯ' ಎನ್ನುವುದರಾಚೆ ವಿವರ ಹೊರಡುವುದು ಕಷ್ಟ. ಆ ವಾರ ನಾಲ್ಕು ಸಾಲು ಬರೆದಿಟ್ಟ ಮಕ್ಕಳಿದ್ದರೆ ಆ ಪುಸ್ತಕವನ್ನು ಜೋಪಾನ ಮಾಡಿ.

ಎರಡು ಪುಸ್ತಕ

ವಿಜ್ಞಾನದ ಮಕ್ಕಳಿಗೆ ಪ್ರಯೋಗದ ರೆಕಾರ್ಡ್ ಬರೆಸುವಾಗ ನಾವು ಒತ್ತಿ ಹೇಳುವುದು ಒಂದೇ: ಮೊದಲು ಕಂಡದ್ದು ಬರೆಯಿರಿ, ತೀರ್ಮಾನ ಆಮೇಲೆ. (ಹಿಂದಿನ ವರ್ಷದವರ ರೆಕಾರ್ಡಿನಿಂದ 'ಕಂಡದ್ದನ್ನು' ನಕಲು ಮಾಡುವ ಪರಂಪರೆಯೂ ಉಂಟು, ಇರಲಿ.) ನೆನಪು ಬರೆಯುವವರೂ ಹೀಗೆಯೇ ಎರಡು ಪುಸ್ತಕ ಇಟ್ಟುಕೊಳ್ಳುವುದು ಲೇಸು. ಒಂದರಲ್ಲಿ ಅಂದಂದಿನ ಟಿಪ್ಪಣಿ: ಇಂದು ಏನಾಯಿತು, ಇಂದು ಯಾವ ಹಳೆಯ ಸಂಗತಿ ನೆನಪಾಯಿತು, ಯಾರು ಹೇಳಿದರು. ಇನ್ನೊಂದರಲ್ಲಿ ಕಟ್ಟಿ ಬರೆಯುವ ಕರಡು. ಮೊದಲನೆಯದು ತಪ್ಪಿದರೆ ಎರಡನೆಯದು ಸೊರಗುತ್ತದೆ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' 1980ರಲ್ಲಿ ಬಂದಾಗ ಅದಕ್ಕೆ ಆಧಾರವಾದದ್ದು ಅವರು ಎಳೆಯ ವಯಸ್ಸಿನಲ್ಲಿ ಬರೆದಿಟ್ಟ ದಿನಚರಿಗಳು. ಡಾರ್ವಿನ್ನನ ಇನ್ನೊಂದು ಪದ್ಧತಿಯೂ ಇಲ್ಲಿ ನೆನೆಯತಕ್ಕದ್ದು. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಂಡರೆ ಅದನ್ನು ತಕ್ಷಣ ಗುರುತು ಹಾಕಿಕೊಳ್ಳುತ್ತಿದ್ದ. ಅನುಕೂಲವಾದದ್ದಕ್ಕಿಂತ ಅದೇ ಬೇಗ ಮರೆತುಹೋಗುತ್ತದೆಂದು ಅವನ ಅನುಭವ.

ಆದರೆ ಕಂಡದ್ದೆಲ್ಲವನ್ನೂ ಬರೆಯಬಹುದೆ? ಇದು ಪುರುಸೊತ್ತಿಗಿಂತ ದೊಡ್ಡ ತೊಡಕು. ನಮ್ಮಂಥ ಊರಿನಲ್ಲಿ ಪ್ರತಿ ಮನೆಯೂ ನೆಂಟರ ಮನೆ. ಹಿಸ್ಸೆಯ ಜಗಳ, ಮುರಿದ ಮದುವೆಯ ಮಾತು, ನೀರಿನ ಸರದಿಯ ತಕರಾರು ಇವುಗಳನ್ನು ಬಿಟ್ಟರೆ ಅದು ಜೀವನವಲ್ಲ, ಬರೆದರೆ ಮುಂದಿನ ಚೌತಿಗೆ ಒಬ್ಬರು ಮನೆಗೆ ಬರುವುದಿಲ್ಲ. ಡಾರ್ವಿನ್ನನ ಮನೆಯವರಿಗೂ ಇದೇ ಪೇಚು. ಧರ್ಮದ ಕುರಿತು ಅವನು ಬರೆದ ಕೆಲವು ಮಾತುಗಳು ಹೆಂಡತಿ ಎಮ್ಮಾಗೆ ಹಿಡಿಸಲಿಲ್ಲ. 1887ರಲ್ಲಿ ಮಗ ಅಚ್ಚು ಹಾಕಿಸಿದಾಗ ಅವನ್ನು ಕೈಬಿಟ್ಟ. ಮೊಮ್ಮಗಳು ನೋರಾ ಬಾರ್ಲೊ ಅವನ್ನೆಲ್ಲ ಮರಳಿ ಸೇರಿಸಿ ಪ್ರಕಟಿಸಿದ್ದು 1958ರಲ್ಲಿ. ಬರೆದಿಟ್ಟದ್ದರಿಂದಲೇ ಸೇರಿಸಲು ಸಾಧ್ಯವಾಯಿತು ಎಂಬುದನ್ನು ಗಮನಿಸಿ. ಕರಡಿನಲ್ಲಿ ಎಲ್ಲವನ್ನೂ ಬರೆಯಿರಿ, ತೋರಿಸುವ ಪ್ರತಿಯಲ್ಲಿ ಬಿಡುವುದನ್ನು ಬಿಡಿ ಎಂದು ನನ್ನ ಅಭಿಪ್ರಾಯ. ನನ್ನ ಮನೆಯಾಕೆಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ನಡುವೆ ವಾದ ಇನ್ನೂ ನಡೆದಿದೆ.

'ನಮ್ಮಂಥವರ ಕತೆ ಯಾರಿಗೆ ಬೇಕು' ಎನ್ನುವವರಿಗೆ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ' ತೋರಿಸುತ್ತೇನೆ. ಎಂಟು ಸಂಪುಟಗಳ ತುಂಬ ಅವರು ಚಿತ್ರಿಸಿದ್ದು ಹೆಚ್ಚಾಗಿ ತಾವು ಕಂಡ ಇತರರನ್ನು. ತನ್ನ ಬಗ್ಗೆ ಬರೆಯಲು ಸಂಕೋಚವಾದವರು ಕೊನೆಗೌಡನ ಬಗ್ಗೆ, ಗೇರು ಹಣ್ಣು ತರುತ್ತಿದ್ದ ಮುದುಕಿಯ ಬಗ್ಗೆ, ಒಂದನೇ ಇಯತ್ತೆಯ ಅಕ್ಕೋರ ಬಗ್ಗೆ ಬರೆಯಬಹುದಲ್ಲ.

ತಂದೆತಾಯಿಗಳಿಗೆ ಒಂದು ಮಾತು. ಮಗ ಡೈರಿ ಬರೆಯುತ್ತ ಕೂತರೆ 'ಮಾರ್ಕ್ಸು ಬರುವುದೇನು ಅದರಿಂದ' ಎಂದು ಗದರಿಸುವುದನ್ನು ಕೇಳಿದ್ದೇನೆ. ಮಾರ್ಕ್ಸು ಬರುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ದಿನಾ ಒಂದು ಪುಟ ಸ್ವಂತ ವಾಕ್ಯ ಬರೆದ ಮಗುವಿಗೆ ಉತ್ತರಪತ್ರಿಕೆಯಲ್ಲಿ ಹತ್ತು ಸಾಲು ಬರೆಯಲು ಪೆನ್ನು ತಡೆಯುವುದಿಲ್ಲ, ಇದು ಮೂವತ್ತು ವರ್ಷ ಪೇಪರು ತಿದ್ದಿದವನ ಅನುಭವ. ಇನ್ನೊಂದು ವಿಷಯ: ಅದನ್ನು ಕದ್ದು ಓದಬೇಡಿ. ಅಪ್ಪ ಓದುತ್ತಾನೆಂದು ಗೊತ್ತಾದ ದಿನದಿಂದ ಆ ಪುಸ್ತಕದಲ್ಲಿ ಬರೀ ಸುಭಾಷಿತಗಳೇ ಇರುತ್ತವೆ. ಬದಲಿಗೆ ಅದೇ ಹೊತ್ತಿಗೆ ನೀವೂ ಒಂದು ಪುಸ್ತಕ ಹಿಡಿದು ಪಕ್ಕದಲ್ಲಿ ಕೂರಬಹುದು. ಮೊಬೈಲನ್ನು ಒಳಗಿಟ್ಟು ಬಂದರೆ ಇನ್ನೂ ಒಳ್ಳೆಯದು.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಇನ್ನೂರು ಪುಟದ ಹೊಲಿಗೆ ಹಾಕಿದ ನೋಟ್‌ಬುಕ್ಕು, ನೀರು ಬಿದ್ದರೆ ಹರಡದ ಶಾಯಿ. ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು, ಬೆಳ್ಳಿಹುಳ, ಗೆದ್ದಲು ಮೂರೂ ಶತ್ರುಗಳು. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಹಿಂದಿನವರು ಪುಸ್ತಕ ಇಡುತ್ತಿದ್ದರು. ಗ್ಯಾಸ್ ಬಂದ ಮೇಲೆ ಆ ಹೊಗೆಯೂ ಇಲ್ಲ. ಮಳೆ ಬಿಟ್ಟ ಮೇಲೆ ಒಂದೆರಡು ದಿನ ಬಿಸಿಲು ತೋರಿಸಬೇಕು. ಕಳೆದ ದೀಪಾವಳಿಯ ಹೊತ್ತಿಗೆ ಅಪ್ಪನ ಲೆಕ್ಕದ ಪುಸ್ತಕಗಳನ್ನು ಅಂಗಳದಲ್ಲಿ ಹರಡಿದಾಗ 1974ರದ್ದು ರಟ್ಟು ಮಾತ್ರ ಉಳಿದಿತ್ತು, ಒಳಗೆಲ್ಲ ಗೆದ್ದಲಿನ ಮಣ್ಣು. ಅಮ್ಮನಿಗೆ ಎಂಬತ್ನಾಲ್ಕು. ಆ ವರ್ಷದ್ದನ್ನು ಅವಳನ್ನೇ ಕೇಳಿ, ದಿನಾ ಸಂಜೆ ದೀಪ ಹಚ್ಚಿದ ಮೇಲೆ ಬರೆದುಕೊಳ್ಳುತ್ತಿದ್ದೇನೆ. ಸದ್ಯಕ್ಕೆ ಶ್ರಾವಣದವರೆಗೆ ಬಂದಿದ್ದೇವೆ.