ಎಚ್‌ಐವಿ ಸೋಂಕಿತರ ವಲಸೆ, ವಿದೇಶ ಪ್ರಯಾಣ ಮತ್ತು ಚಿಕಿತ್ಸೆ

ಎಚ್‌ಐವಿ ಸೋಂಕಿತರ ಪ್ರಯಾಣ ಮತ್ತು ವಲಸೆಗೆ ಸಂಬಂಧಿಸಿದ ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾಗಿವೆ. ಕೆಲವು ರಾಷ್ಟ್ರಗಳು ಸೋಂಕಿನ ಕಾರಣಕ್ಕೆ ಯಾವ ನಿರ್ಬಂಧವನ್ನೂ ವಿಧಿಸುವುದಿಲ್ಲ. ಕೆಲವು ರಾಷ್ಟ್ರಗಳು ಅಲ್ಪಾವಧಿಯ ಭೇಟಿಗೆ ಅವಕಾಶ ನೀಡಿದರೂ ಉದ್ಯೋಗ ಮತ್ತು ದೀರ್ಘಾವಧಿಯ ವಾಸಕ್ಕೆ ರಕ್ತಪರೀಕ್ಷೆಯನ್ನು ಕಡ್ಡಾಯಗೊಳಿಸಿವೆ. ಭಾರತದೊಳಗೆ ಸೋಂಕಿತರಿಗೆ ಕಾನೂನಿನ ರಕ್ಷಣೆಯೂ ಉಚಿತ ಔಷಧವೂ ದೊರೆಯುತ್ತವೆ. ದೇಶದ ಗಡಿ ದಾಟಿದ ಮೇಲೆ ಇವೆರಡೂ ಆಯಾ ರಾಷ್ಟ್ರದ ನಿಯಮಗಳಿಗೆ ಒಳಪಡುತ್ತವೆ.

ತಾಳಿಕೋಟೆ ಪ್ರದೇಶ ಮತ್ತು ವಲಸೆ

ತಾಳಿಕೋಟೆಯು ವಿಜಯಪುರ ಜಿಲ್ಲೆಯ ಡೋಣಿ ನದಿಯ ದಂಡೆಯಲ್ಲಿರುವ ಪಟ್ಟಣವಾಗಿದೆ. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ಇದು ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಂತೆ ಇದೂ ಮಳೆಯಾಶ್ರಿತ ಬೇಸಾಯದ ಒಣ ಪ್ರದೇಶ. ಸುಗ್ಗಿ ಮುಗಿದ ಮೇಲೆ ಈ ಭಾಗದ ಅನೇಕ ಕುಟುಂಬಗಳು ಗೋವಾ, ಮಹಾರಾಷ್ಟ್ರ, ಮಂಗಳೂರು ಮತ್ತು ಬೆಂಗಳೂರುಗಳಿಗೆ ಗುಳೆ ಹೋಗಿ, ಕಟ್ಟಡ ನಿರ್ಮಾಣ ಹಾಗೂ ಕಬ್ಬು ಕಟಾವಿನಂತಹ ಕೆಲಸಗಳಲ್ಲಿ ತೊಡಗುತ್ತವೆ. ಕರ್ನಾಟಕದಿಂದ ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕಾಗಿ ತೆರಳುವವರೂ ಇದ್ದಾರೆ.

ಉತ್ತರ ಕರ್ನಾಟಕದ ಕೃಷ್ಣಾ ತೀರದ ಜಿಲ್ಲೆಗಳು ಎಚ್‌ಐವಿ ಹೆಚ್ಚಾಗಿ ಕಂಡುಬಂದ ಪ್ರದೇಶಗಳಲ್ಲಿ ಸೇರಿವೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) 2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಸೋಂಕಿತರಿದ್ದು, ಸಂಖ್ಯೆಯ ದೃಷ್ಟಿಯಿಂದ ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳ ನಂತರ ಕರ್ನಾಟಕವು ಮೂರನೆಯ ಸ್ಥಾನದಲ್ಲಿತ್ತು. ಆದ್ದರಿಂದ ಈ ಭಾಗದಲ್ಲಿ ಪ್ರಯಾಣ ಮತ್ತು ಚಿಕಿತ್ಸೆಯ ಪ್ರಶ್ನೆಯು ವಿದೇಶಕ್ಕೆ ಹೋಗುವವರಿಗಷ್ಟೇ ಸೀಮಿತವಾಗಿಲ್ಲ. ನೆರೆರಾಜ್ಯಕ್ಕೆ ದುಡಿಯಲು ಹೋಗುವವರಿಗೂ ಅದು ಎದುರಾಗುತ್ತದೆ.

ಭಾರತದೊಳಗಿನ ಚಿಕಿತ್ಸೆ

ಎಚ್‌ಐವಿ ಚಿಕಿತ್ಸೆಯನ್ನು ಎಆರ್‌ಟಿ ಎಂದು ಕರೆಯಲಾಗುತ್ತದೆ. ಕೇಂದ್ರ ಸರ್ಕಾರವು 2004ರ ಏಪ್ರಿಲ್ 1ರಿಂದ ಇದನ್ನು ಉಚಿತವಾಗಿ ನೀಡಲು ಆರಂಭಿಸಿತು. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ, ರೋಗನಿರೋಧಕ ಶಕ್ತಿ ಕುಗ್ಗುವವರೆಗೆ ಕಾಯದೆ, ಚಿಕಿತ್ಸೆ ಆರಂಭಿಸಲಾಗುತ್ತಿದೆ. ಗುಳಿಗೆಗಳನ್ನು ಪ್ರತಿದಿನ, ಜೀವನಪರ್ಯಂತ ಸೇವಿಸಬೇಕು. ನಿಲ್ಲಿಸಿದರೆ ರಕ್ತದಲ್ಲಿ ವೈರಾಣುವಿನ ಪ್ರಮಾಣ ಮತ್ತೆ ಏರುತ್ತದೆ. ಪದೇ ಪದೇ ತಪ್ಪಿಸಿದರೆ ವೈರಾಣು ಔಷಧಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವ ಅಪಾಯವಿದೆ. ನಿಯಮಿತ ಚಿಕಿತ್ಸೆಯಿಂದ ವೈರಾಣು ಪರೀಕ್ಷೆಯಲ್ಲಿ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ಉಳಿದರೆ, ಆ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.

ಗುಳೆ ಹೋಗುವವರು ಔಷಧ ತಪ್ಪಿಸದಿರಲು ಎರಡು ಮಾರ್ಗಗಳಿವೆ. ಆರೋಗ್ಯ ಸ್ಥಿರವಾಗಿರುವವರಿಗೆ ಒಂದಕ್ಕಿಂತ ಹೆಚ್ಚು ತಿಂಗಳುಗಳ ಗುಳಿಗೆಗಳನ್ನು ಒಮ್ಮೆಲೇ ನೀಡುವ ವ್ಯವಸ್ಥೆಯಿದೆ. ದೀರ್ಘಕಾಲ ಬೇರೆಡೆ ನೆಲೆಸುವವರು ತಮ್ಮ ನೋಂದಣಿಯನ್ನು ಆ ಊರಿನ ಸಮೀಪದ ಎಆರ್‌ಟಿ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಈ ಬಗೆಗಿನ ಮಾಹಿತಿ 1097 ಸಂಖ್ಯೆಯ ಉಚಿತ ಸಹಾಯವಾಣಿಯಲ್ಲಿ ದೊರೆಯುತ್ತದೆ.

ಭಾರತದ ಕಾನೂನು

ಇಂದಿನ ಕಾನೂನು ಜಾರಿಗೆ ಬರುವ ಮೊದಲು ಸೋಂಕಿತರ ಓಡಾಟದ ಸ್ವಾತಂತ್ರ್ಯವನ್ನೇ ಕಸಿಯಲು ಅವಕಾಶವಿತ್ತು. 1989ರಲ್ಲಿ ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಡೊಮಿನಿಕ್ ಡಿಸೋಜಾ ಎಂಬವರನ್ನು ಸೋಂಕಿನ ಕಾರಣಕ್ಕೆ ಬಂಧಿಸಿ 64 ದಿನಗಳ ಕಾಲ ಪ್ರತ್ಯೇಕವಾಗಿ ಇರಿಸಲಾಗಿತ್ತು. ಮುಂದೆ 1997ರಲ್ಲಿ ಬಾಂಬೆ ಹೈಕೋರ್ಟ್, ಕೆಲಸ ಮಾಡಲು ಸಮರ್ಥನಾದ ವ್ಯಕ್ತಿಗೆ ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಸಾರ್ವಜನಿಕ ವಲಯದ ಸಂಸ್ಥೆಯು ಉದ್ಯೋಗ ನಿರಾಕರಿಸುವಂತಿಲ್ಲ ಎಂದು ತೀರ್ಪು ನೀಡಿತು.

ಸಂಸತ್ತು 2017ರಲ್ಲಿ ಅಂಗೀಕರಿಸಿದ ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆಯು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿತು. ಉದ್ಯೋಗ, ಶಿಕ್ಷಣ, ಆರೋಗ್ಯ ಸೇವೆ, ಸಂಚಾರ ಮತ್ತು ಬಾಡಿಗೆ ಮನೆಯ ವಿಷಯದಲ್ಲಿ ಸೋಂಕಿತರ ವಿರುದ್ಧ ತಾರತಮ್ಯವನ್ನು ಇದು ನಿಷೇಧಿಸುತ್ತದೆ. ತಿಳಿವಳಿಕೆಯಿಂದ ಕೂಡಿದ ಒಪ್ಪಿಗೆಯಿಲ್ಲದೆ ರಕ್ತಪರೀಕ್ಷೆ ನಡೆಸುವಂತಿಲ್ಲ ಮತ್ತು ಸೋಂಕಿನ ಮಾಹಿತಿಯನ್ನು ಗೋಪ್ಯವಾಗಿಡಬೇಕು. ದೂರುಗಳ ವಿಚಾರಣೆಗೆ ರಾಜ್ಯ ಸರ್ಕಾರಗಳು ಓಂಬುಡ್ಸ್‌ಮನ್ ನೇಮಿಸಬೇಕು. ಆದರೆ ಈ ಕಾಯ್ದೆಯು ಬೇರೆ ದೇಶದ ವೀಸಾ ನಿಯಮಗಳನ್ನು ಬದಲಿಸಲಾರದು.

ಕೊಲ್ಲಿ ರಾಷ್ಟ್ರಗಳು

ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್, ಒಮಾನ್ ಮತ್ತು ಬಹರೇನ್‌ಗಳು ಉದ್ಯೋಗ ಹಾಗೂ ವಾಸದ ಪರವಾನಗಿಗೆ ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯಗೊಳಿಸಿವೆ. ಭಾರತದಿಂದ ಹೋಗುವ ಕಾರ್ಮಿಕರು ಸಾಮಾನ್ಯವಾಗಿ ಎರಡು ಬಾರಿ ತಪಾಸಣೆಗೆ ಒಳಗಾಗುತ್ತಾರೆ. ಮೊದಲನೆಯದು ವೀಸಾ ಪಡೆಯುವ ಮುನ್ನ, ಭಾರತದ ನಗರಗಳಲ್ಲಿರುವ ಮಾನ್ಯತೆ ಪಡೆದ ತಪಾಸಣಾ ಕೇಂದ್ರಗಳಲ್ಲಿ ನಡೆಯುತ್ತದೆ. ಎರಡನೆಯದು ಅಲ್ಲಿಗೆ ತಲುಪಿದ ಮೇಲೆ, ವಾಸದ ಪರವಾನಗಿ ಪಡೆಯುವಾಗ ನಡೆಯುತ್ತದೆ. ಸೋಂಕು ಕಂಡುಬಂದರೆ ಅಭ್ಯರ್ಥಿಯನ್ನು ‘ಅನರ್ಹ’ ಎಂದು ಪರಿಗಣಿಸಲಾಗುತ್ತದೆ. ವಿದೇಶಿ ಕಾರ್ಮಿಕರಾಗಿದ್ದರೆ ಅವರನ್ನು ಸ್ವದೇಶಕ್ಕೆ ಕಳುಹಿಸಲಾಗುತ್ತದೆ.

ಇದರ ಪರಿಣಾಮ ಆರೋಗ್ಯಕ್ಕಷ್ಟೇ ಸೀಮಿತವಲ್ಲ. ಪ್ರಯಾಣಕ್ಕೆಂದು ಸಾಲ ಮಾಡಿದ ಕುಟುಂಬಕ್ಕೆ ಸಾಲ ಉಳಿದು ದುಡಿಮೆ ಇಲ್ಲವಾಗುತ್ತದೆ. ಸೋಂಕು ಪತ್ತೆಯಾಗುವ ಭಯದಿಂದ ಅಲ್ಲಿನ ಆಸ್ಪತ್ರೆಗೆ ಹೋಗದೆ ಔಷಧವನ್ನು ನಿಲ್ಲಿಸುವ ಅಪಾಯವೂ ಇದೆ. ಆದ್ದರಿಂದ ಏಜೆಂಟರಿಗೆ ಹಣ ಪಾವತಿಸುವ ಮುನ್ನವೇ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಉಚಿತ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಪಡೆಯುವುದು ಉಪಯುಕ್ತ.

ಇತರ ರಾಷ್ಟ್ರಗಳು

ಅಮೆರಿಕ ಸಂಯುಕ್ತ ಸಂಸ್ಥಾನವು 1987ರಿಂದ ಸೋಂಕಿತ ವಿದೇಶಿಯರ ಪ್ರವೇಶವನ್ನು ನಿರ್ಬಂಧಿಸಿತ್ತು. ಈ ನಿರ್ಬಂಧವು 2010ರ ಜನವರಿ 4ರಂದು ಕೊನೆಗೊಂಡಿತು. ಅದೇ ವರ್ಷ ಚೀನಾ ಸಹ ತನ್ನ ಪ್ರವೇಶ ನಿಷೇಧವನ್ನು ತೆಗೆದುಹಾಕಿತು. ಸಿಂಗಪುರವು 2015ರಲ್ಲಿ ಅಲ್ಪಾವಧಿಯ ಭೇಟಿಗೆ ಮಾತ್ರ ಅವಕಾಶ ನೀಡಿತು. ನ್ಯೂಜಿಲೆಂಡ್ 2021ರಲ್ಲಿ ವಾಸದ ವೀಸಾ ನಿರಾಕರಣೆಗೆ ಕಾರಣವಾಗುವ ಕಾಯಿಲೆಗಳ ಪಟ್ಟಿಯಿಂದ ಎಚ್‌ಐವಿಯನ್ನು ಕೈಬಿಟ್ಟಿತು.

ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಸೋಂಕೇ ನಿಷೇಧಕ್ಕೆ ಕಾರಣವಲ್ಲ. ಅಲ್ಲಿ ಅರ್ಜಿದಾರರ ಚಿಕಿತ್ಸೆಗೆ ಸರ್ಕಾರಕ್ಕೆ ತಗಲುವ ವೆಚ್ಚವನ್ನು ಲೆಕ್ಕ ಹಾಕಿ, ಅದು ನಿಗದಿತ ಮಿತಿ ಮೀರಿದರೆ ವೀಸಾ ನಿರಾಕರಿಸಬಹುದು. ಕೆನಡಾ ಈ ಮಿತಿಯನ್ನು 2018ರಲ್ಲಿ ಮೂರು ಪಟ್ಟು ಹೆಚ್ಚಿಸಿತು. ವಿಶ್ವಸಂಸ್ಥೆಯ ಯುಎನ್‌ಏಡ್ಸ್ 2019ರಲ್ಲಿ ನೀಡಿದ ಮಾಹಿತಿಯಂತೆ 48 ರಾಷ್ಟ್ರ ಮತ್ತು ಪ್ರಾಂತ್ಯಗಳಲ್ಲಿ ಯಾವುದಾದರೊಂದು ಬಗೆಯ ನಿರ್ಬಂಧ ಉಳಿದಿತ್ತು. ಅವುಗಳಲ್ಲಿ 19 ರಾಷ್ಟ್ರಗಳು ಸೋಂಕಿತ ವಿದೇಶಿಯರನ್ನು ಹೊರಹಾಕುತ್ತಿದ್ದವು.

ವಿದೇಶದಲ್ಲಿ ಚಿಕಿತ್ಸೆ

ಪ್ರವೇಶಕ್ಕೆ ಅನುಮತಿ ದೊರೆತ ಮಾತ್ರಕ್ಕೆ ಚಿಕಿತ್ಸೆಯೂ ಉಚಿತವಾಗಿ ದೊರೆಯುತ್ತದೆ ಎಂದಲ್ಲ. ಇಂಗ್ಲೆಂಡ್‌ನಲ್ಲಿ 2012ರ ಅಕ್ಟೋಬರ್‌ನಿಂದ ವಲಸೆ ಸ್ಥಿತಿ ಏನೇ ಇದ್ದರೂ ಎಚ್‌ಐವಿ ಚಿಕಿತ್ಸೆ ಉಚಿತ. ಅಮೆರಿಕದಲ್ಲಿ ಇದು ಬಹುಮಟ್ಟಿಗೆ ಆರೋಗ್ಯ ವಿಮೆಯನ್ನು ಅವಲಂಬಿಸಿದೆ. ಹಲವು ಪ್ರವಾಸ ವಿಮೆಗಳು ಮೊದಲೇ ಇರುವ ಕಾಯಿಲೆಗಳ ವೆಚ್ಚವನ್ನು ಭರಿಸುವುದಿಲ್ಲ. ಆದ್ದರಿಂದ ಓದಲು ಅಥವಾ ಉದ್ಯೋಗಕ್ಕೆ ತೆರಳುವವರು ವಿಮೆಯ ಷರತ್ತುಗಳನ್ನು ಮೊದಲೇ ಓದಿ ತಿಳಿಯಬೇಕಾಗುತ್ತದೆ.

ಪ್ರಯಾಣದ ಸಿದ್ಧತೆ

ಪ್ರಯಾಣದ ಅವಧಿಗೆ ಬೇಕಾಗುವುದಕ್ಕಿಂತ ಕೆಲವು ದಿನಗಳಷ್ಟು ಹೆಚ್ಚು ಗುಳಿಗೆಗಳನ್ನು ಮೂಲ ಡಬ್ಬಿಯಲ್ಲಿಯೇ ಒಯ್ಯಬೇಕು. ಸಾಮಾನು ಕಳೆದುಹೋಗುವ ಸಾಧ್ಯತೆಯಿರುವುದರಿಂದ ಅವುಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವುದು ಸೂಕ್ತ. ಔಷಧದ ಹೆಸರು ಮತ್ತು ಪ್ರಮಾಣವಿರುವ ವೈದ್ಯರ ಪತ್ರವನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಗುಳಿಗೆ ಸೇವನೆಯ ಹೊತ್ತನ್ನು ಹೊಸ ಊರಿನ ಸಮಯಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ಎಆರ್‌ಟಿ ಕೇಂದ್ರದ ವೈದ್ಯರಿಂದ ತಿಳಿದುಕೊಳ್ಳಬಹುದು. ವೀಸಾ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಖರೀದಿಸುವ ಮುನ್ನ ಆಯಾ ರಾಷ್ಟ್ರದ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡುವುದು ಅಗತ್ಯ.