ಹಾಲಿನ ಸೈಕಲ್ಲಿಗೊಂದು ದೀಪದ ಗೂಡು

ಧಾರವಾಡದ ಮಳೆ ಕಂಡವರಿಗೆ ಈ ತೂತಿನ ಬೆಲೆ ಗೊತ್ತಾಗುತ್ತದೆ. ನೀರಿನ ಪೈಪಿಗೆ ಹಾಕುವ 63 ಮಿಲಿಮೀಟರಿನ ಪಿವಿಸಿ ಎಂಡ್ ಕ್ಯಾಪ್, ಅದರ ಕೆಳಅಂಚಿನಲ್ಲಿ ನೆಲದ ಕಡೆ ಮುಖ ಮಾಡಿದ ಒಂದು ತೂತು. ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರು ಹಿತ್ತಲಲ್ಲಿ ಕೂತು ಇಂಥ ಕ್ಯಾಪಿನಿಂದ ಸೈಕಲ್ಲಿನ ಹಿಂಬದಿಯ ದೀಪಕ್ಕೆ ಗೂಡು ಮಾಡುತ್ತಾರೆ. ದೀಪಕ್ಕಿಂತ ಮೊದಲು ಅವರು ತೋರಿಸುವುದು ಈ ತೂತನ್ನು.

“ಎಷ್ಟ ಬಿಗಿ ಮಾಡಿದ್ರೂ ನೀರು ಒಳಗ ಬರೂದ ರೀ. ಹೊರಗ ಹೋಗಾಕ ದಾರಿ ಇರಬೇಕಷ್ಟ.”

ಬಿಸಿಲಿಗೆ ಕಾದ ಗೂಡಿನ ಮೇಲೆ ಮಳೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸಂದಿನಲ್ಲಿದ್ದ ನೀರನ್ನು ಒಳಗೆಳೆಯುತ್ತದೆ. ಸುತ್ತ ಎಂ-ಸೀಲ್ ಮೆತ್ತಿಬಿಟ್ಟರೆ ಆ ನೀರು ಅಲ್ಲೇ ನಿಂತು ಸೆಲ್ಲಿಗೆ ತಾಗುವ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತದೆ. ತೂತು ತೀರಾ ಸಣ್ಣದಾದರೂ ಕೆಲಸವಿಲ್ಲ, ಹನಿ ಅದರ ಬಾಯಿಗೇ ಕಚ್ಚಿಕೊಂಡು ನಿಲ್ಲುತ್ತದೆ. ಅದಕ್ಕೇ ಆರು ಮಿಲಿಮೀಟರ್. ಅಂಗಡಿಯ ಎಷ್ಟೋ ದೀಪಗಳು ಒಂದೇ ಮಳೆಗಾಲಕ್ಕೆ ಸಾಯುವುದು ಏಕೆಂದು ನನಗೆ ಅಲ್ಲಿ ತಿಳಿಯಿತು.

ಅಂಗಡಿಯ ದೀಪಕ್ಕೆ ಇನ್ನೊಂದು ಕೊರತೆಯಿದೆ. ಅದನ್ನು ಸೀಟಿನ ಕಂಬಿಗೆ ಕಟ್ಟಬೇಕು. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು ಕೂತರೆ ದೀಪ ಅದರ ಮರೆಗೆ ಹೋಗುತ್ತದೆ. ಕತ್ತಲಿರುವಾಗಲೇ ಹೊರಡುವ ಗೌಳಿಗರಿಗೆ, ಸಂಜೆ ಹುಲ್ಲಿನ ಹೊರೆ ತರುವವರಿಗೆ ದೀಪ ಬೇಕಾದದ್ದು ಹೊರೆಯ ಹಿಂದೆ, ಮಡ್‌ಗಾರ್ಡಿನ ಮೇಲೆ. ಮಾಸ್ತರರು ಒಂದೊಂದು ಸೈಕಲ್ಲಿನ ಮಡ್‌ಗಾರ್ಡನ್ನೂ ಅಳೆದು, ಅದರ ಬಾಗಿಗೆ ತಕ್ಕಂತೆ ತಗಡಿನ ಪಟ್ಟಿ ಬಗ್ಗಿಸಿ ಬೋಲ್ಟ್ ಹಾಕುತ್ತಾರೆ.

ಒಳಗಿನ ಕೆಲಸ ಸರಳ. ಎರಡು ಪೆನ್ಸಿಲ್ ಸೆಲ್ ಸೇರಿ 3 ವೋಲ್ಟ್; ಕೆಂಪು ಎಲ್‌ಇಡಿಗೆ ಬೇಕಾದದ್ದು ಸುಮಾರು 2. ಉಳಿದ ಒಂದು ವೋಲ್ಟನ್ನು ತಡೆಯಲು ಪ್ರತಿ ಎಲ್‌ಇಡಿಗೂ 47 ಓಮಿನ ರೆಸಿಸ್ಟರ್. ಆದರೆ ಎಲ್‌ಇಡಿಯ ದುಂಡು ತಲೆ ಬೆಳಕನ್ನು ನೇರ ಹಿಂದಕ್ಕಷ್ಟೇ ಕಳಿಸುತ್ತದೆ, ಅಡ್ಡರಸ್ತೆಯಿಂದ ಬರುವವನಿಗೆ ಕಾಣುವುದಿಲ್ಲ. ಮಾಸ್ತರರು ಅದನ್ನು ಉಗುರಿನ ತುದಿಯಲ್ಲಿ ಹಿಡಿದು ಮರಳುಕಾಗದಕ್ಕೆ ತಿಕ್ಕುತ್ತಾರೆ. ತಲೆ ಮಂಜಾಗುತ್ತದೆ, ಬೆಳಕು ಪಕ್ಕಕ್ಕೂ ಹರಡುತ್ತದೆ. ಮುಂದೆ ಕೆಂಪು ಅಕ್ರಿಲಿಕ್ ತುಂಡು, ಹಳೆಯ ಟ್ಯೂಬ್ ಕತ್ತರಿಸಿದ ವಾಷರ್, ಮೂರು ಸ್ಕ್ರೂ. ಅಂಟು ಎಲ್ಲೂ ಇಲ್ಲ. ಕೆಟ್ಟರೆ ಯಾರು ಬೇಕಾದರೂ ಬಿಚ್ಚಬಹುದು.

ಹಿಂದಿನ ಕಥೆಯೂ ಅವರ ಬಾಯಿಂದಲೇ. ಸೀಮೆಎಣ್ಣೆ ದೀಪದ ಕಾಲದಲ್ಲಿ, ದೀಪವಿಲ್ಲದ ಸೈಕಲ್ ಹಿಡಿದ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರಂತೆ. ಆಮೇಲೆ ಟೈರಿಗೆ ಉಜ್ಜಿಕೊಂಡು ತಿರುಗುವ 6 ವೋಲ್ಟಿನ ಡೈನಮೋ ಬಂತು. ಅದರ 3 ವ್ಯಾಟಿನಲ್ಲಿ ಮುಂದಿನ ಬಲ್ಬಿಗೇ 2.4, ಹಿಂದಕ್ಕೆ ಬರೀ 0.6. ಸೈಕಲ್ ನಿಂತರೆ ಅದೂ ಆರುತ್ತಿತ್ತು. ರಸ್ತೆ ನಡುವೆ ನಿಂತವನಿಗೇ ಅಲ್ಲವೇ ಹಿಂದಿನ ದೀಪ ಹೆಚ್ಚು ಬೇಕಾದದ್ದು!

ಕೆಂಪು ಅಕ್ರಿಲಿಕ್ ಮೊದಲು ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಚೂರುಪಾರಾಗಿ ಪುಕ್ಕಟೆ ಸಿಗುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಅದೂ ಕಡಿಮೆ. ಈಗ ಗ್ಯಾರೇಜಿನಿಂದ ಒಡೆದ ಬೈಕುಗಳ ಕೆಂಪು ಗಾಜು ತಂದು ಕೊಯ್ದು ಹಾಕುತ್ತಾರೆ. ಹಾಲು ಹಾಕುವವರಲ್ಲಿ ಅನೇಕರು ಬೈಕಿಗೆ ಹೋಗಿದ್ದಾರೆ. ಉಳಿದವರು ಹಳೆಯ ಗೂಡಿಗೆ ಹೊಸ ಸೆಲ್ ಹಾಕಿಸಲು ಬರುತ್ತಾರೆ. ಕಲಿಯಲು ಮಾತ್ರ ಇನ್ನೂ ಯಾರೂ ಬಂದಿಲ್ಲ.